ನಜರ್‌ಬಾದಿನ ಪಬ್ಬಿಗೆ ನಾನು ಸ್ಪೀಕರ್ ಆರಿಸಿದ್ದು

ಏನೂ ಗೊತ್ತಿಲ್ಲದವನು ಎಲ್ಲ ಗೊತ್ತಿರುವವನಂತೆ ಕಾಣಬೇಕಾದರೆ ಒಂದು ಸುಲಭದ ದಾರಿಯಿದೆ. ತೋರಿಸಿದ್ದಕ್ಕೆಲ್ಲ ಮೂಗು ಮುರಿಯುತ್ತಾ ಹೋಗಬೇಕು. ‘ಚೆನ್ನಾಗಿದೆ’ ಎಂದವನನ್ನು ಯಾರೂ ತಿರುಗಿ ನೋಡುವುದಿಲ್ಲ. ‘ಪರವಾಗಿಲ್ಲ, ಆದರೆ...’ ಎಂದು ತಲೆಯನ್ನು ಒಂದು ಕಡೆ ವಾಲಿಸಿ ನಿಲ್ಲಿಸಿದವನಿಗೆ ಕುರ್ಚಿ ಬರುತ್ತದೆ, ಕಾಫಿ ಬರುತ್ತದೆ. ನಾನು ಇಪ್ಪತ್ತೆಂಟು ವರ್ಷ ಮೈಸೂರಿನ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರಾಗಿ ಬಾಳಿದ್ದೇ ಈ ಒಂದು ವಿದ್ಯೆಯಿಂದ. ಬೆಳಿಗ್ಗೆ ಸಾಂಬಾರಿನ ರುಚಿ ನೋಡಿ, ಕಣ್ಣು ಮುಚ್ಚಿ, ‘ಏನೋ ಒಂದು ಕಮ್ಮಿ ಆಗಿದೆ ಭಟ್ರೇ’ ಎನ್ನುತ್ತಿದ್ದೆ. ಏನು ಕಮ್ಮಿ ಎಂದು ನನಗೆ ಯಾವತ್ತೂ ಗೊತ್ತಿರಲಿಲ್ಲ. ಭಟ್ಟರು ಏನೋ ಒಂದನ್ನು ಹಾಕುತ್ತಿದ್ದರು, ನಾನು ‘ಈಗ ಸರಿ’ ಎನ್ನುತ್ತಿದ್ದೆ. ಹೋಟೆಲು ಮುಚ್ಚುವ ಹೊತ್ತಿಗೆ ನನ್ನ ನಾಲಿಗೆಗೆ ಊರಿನಲ್ಲಿ ಸಾಕಷ್ಟು ಹೆಸರು ಬಂದಿತ್ತು. ನಾಲಿಗೆಯಿಂದ ದಕ್ಕಿದ ಈ ವಿದ್ಯೆಯನ್ನು ಕಿವಿಯ ಮೇಲೂ ಪ್ರಯೋಗಿಸಲು ಹೋದದ್ದು ನನ್ನ ತಪ್ಪು. ಅದರ ಸುಸ್ತು ಇನ್ನೂ ಇಳಿದಿಲ್ಲ.

ಹೋಟೆಲು ಮುಚ್ಚಿದ್ದು ಮಾಲೀಕರಿಗೆ ವಯಸ್ಸಾಯಿತೆಂದು. ನನಗೂ ವಯಸ್ಸಾಗಿತ್ತು, ಆದರೆ ಮುಚ್ಚಿಕೊಂಡು ಮನೆಯಲ್ಲಿ ಕೂರುವಷ್ಟು ಅನುಕೂಲವಿರಲಿಲ್ಲ. ಆಗ ಕರೆದವನು ಚೇತನ್. ನಂಜನಗೂಡಿನ ಕಡೆಯ ಬೇಸಾಯಗಾರರ ಮನೆಯ ಹುಡುಗ. ಕಾಲೇಜಿನ ದಿನಗಳಿಂದಲೂ ನಮ್ಮ ಹೋಟೆಲಿನ ಮಸಾಲೆದೋಸೆಯ ಮೇಲೆಯೇ ಬೆಳೆದವನು. ನಜರ್‌ಬಾದಿನ ಒಂದು ಹಳೆಯ ಕಟ್ಟಡವನ್ನು ಬಾಡಿಗೆಗೆ ಹಿಡಿದು ಪಬ್ ಮಾಡುವವನಿದ್ದ. “ಅಣ್ಣ, ಮ್ಯಾನೇಜರಾಗಿ ಬಂದ್ಬುಡಿ. ಜನಾನ ಸಂಭಾಳಿಸೋದು ನಿಮಗೆ ಗೊತ್ತು. ಇಡ್ಲಿ ಜಾಗದಲ್ಲಿ ಬೀರು, ಅಷ್ಟೇಯ” ಎಂದ. ನಮ್ಮದು ತಲೆತಲಾಂತರದಿಂದ ಮಠಕ್ಕೆ ನಡೆದುಕೊಳ್ಳುವ ಮನೆತನ. ಬೆಳಿಗ್ಗೆ ಲಿಂಗಪೂಜೆ ಮಾಡಿ ಹಣೆಗೆ ವಿಭೂತಿ ಧರಿಸದೆ ನಾನು ನೀರು ಕುಡಿಯುವವನಲ್ಲ. ಕಾಫಿಗಿಂತ ಗಟ್ಟಿಯಾದದ್ದನ್ನು ಕುಡಿದೂ ಇಲ್ಲ. ಆದರೂ ಒಪ್ಪಿಕೊಂಡೆ. ನೆಂಟರು ಕೇಳಿದರೆ ‘ಹೋಟೆಲ್ ಲೈನಲ್ಲೇ ಇದೀನಿ’ ಎನ್ನುತ್ತೇನೆ. ಅದರಲ್ಲಿ ಸುಳ್ಳೇನಿದೆ? ಲೋಟದೊಳಗೆ ಏನಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ.

ಕಟ್ಟಡ ಚೆಂದದ್ದು. ತೇಗದ ತೊಲೆಗಳ ಮೇಲೆ ಇಟ್ಟಿಗೆ ಗಾರೆಯ ಮದ್ರಾಸ್ ತಾರಸಿ, ಕತ್ತೆತ್ತಿ ನೋಡಿದರೆ ಪೇಟ ಬಿದ್ದುಹೋಗುವಷ್ಟು ಎತ್ತರ, ಗೇಣುಗಟ್ಟಲೆ ದಪ್ಪದ ಗಾರೆ ಗೋಡೆ, ಮೇಲೆ ಬಣ್ಣದ ಗಾಜಿನ ಗವಾಕ್ಷಿ. ನನ್ನ ಹರೆಯದಲ್ಲಿ ಅಲ್ಲೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಲವತ್ತು ಯಂತ್ರಗಳು ಒಟ್ಟಿಗೆ ಕುಟ್ಟುತ್ತಿದ್ದ ಆ ಹಜಾರದಲ್ಲಿ ನಾನೂ ಎರಡು ತಿಂಗಳು ಬೆರಳು ನೋಯಿಸಿಕೊಂಡು ಬಿಟ್ಟುಬಿಟ್ಟಿದ್ದೆ. ಅಂಥ ಕಡೆ ಮಾತಾಡಿದರೆ ಮಾತು ಮೇಲೆ ಹೋಗಿ, ತೊಲೆಗಳನ್ನೆಲ್ಲ ಸುತ್ತಿಕೊಂಡು, ಬೇರೆಯವರ ಮಾತಾಗಿ ಕೆಳಗೆ ಬರುತ್ತದೆ. ಪಬ್ಬಿಗೆ ಹಾಡು ಬೇಕು, ಹಾಡಿಗೆ ಸ್ಪೀಕರ್ ಬೇಕು. ಯಾವ ಸ್ಪೀಕರ್ ಎಂದು ಆರಿಸುವ ಕೆಲಸವನ್ನು ಚೇತನ್ ನನಗೆ ವಹಿಸಿದ. “ಸಾಂಬಾರಲ್ಲಿ ಒಂದು ಕಾಳು ಉಪ್ಪು ಕಮ್ಮಿ ಆದ್ರೂ ಕಂಡುಹಿಡೀತಿದ್ರಿ ಅಣ್ಣ, ಇದೇನು ಮಹಾ?” ನಾನು ತಲೆಯನ್ನು ಒಂದು ಕಡೆ ವಾಲಿಸಿ ಒಪ್ಪಿಕೊಂಡೆ.

ಇಷ್ಟೇ ಆಗಿದ್ದರೆ ಯಾವುದೋ ಒಂದನ್ನು ಆರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಕಟ್ಟಡದ ಮಾಲೀಕರು ಒಂದು ಷರತ್ತು ಹಾಕಿದ್ದರು. ಗೋಡೆಯ ಆಚೆ ಬದಿಯ ಮನೆಯವರು ತಮ್ಮ ಅಭ್ಯಂತರವಿಲ್ಲವೆಂದು ಬರೆದು ಸಹಿ ಹಾಕಿಕೊಡಬೇಕು, ಇಲ್ಲದಿದ್ದರೆ ಹಾಡು ಗೀಡು ಏನೂ ಇಲ್ಲ. ಆ ಕಾಗದ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಬಾಗಿಲು ತೆಗೆದವರು ಸುಂದರಮ್ಮ ಮಿಸ್. ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಎಂಬತ್ತು ಹತ್ತಿರವಾದರೂ ಗಂಜಿ ಹಾಕಿದ ಸೀರೆ, ನೆಟ್ಟಗಿನ ಬೆನ್ನು. ನಾನು ಚಪ್ಪಲಿ ಕಳಚಿ, ಕೈಕಟ್ಟಿ ನಿಂತೆ.

“ಮಾದೇವ ಅಲ್ವೇನೋ? ಏನು ಮಾಡ್ಕೊಂಡಿದೀಯ?”

ಆ ಕಣ್ಣಿನ ಮುಂದೆ ಹೋಟೆಲ್ ಲೈನ್ ಎನ್ನಲು ಬಾಯಿ ಬರಲಿಲ್ಲ. “ಪಬ್ಬಲ್ಲಿ ಮ್ಯಾನೇಜರು ಮಿಸ್” ಎಂದೆ.

ಅವರು ನನ್ನ ಹಣೆಯ ವಿಭೂತಿಯನ್ನೊಮ್ಮೆ, ಕೈಯಲ್ಲಿದ್ದ ಕಾಗದವನ್ನೊಮ್ಮೆ ನೋಡಿದರು. “ನಾನು ನೋಡದೆ ಯಾವುದಕ್ಕೂ ಸೈನ್ ಹಾಕಿದೋಳಲ್ಲ. ಒಂದೊಂದೇ ಸ್ಪೀಕರ್ ಹಾಕಿ. ಈ ಕಡೆ ಗೋಡೆ ಪಕ್ಕ ಕೂತ್ಕೊಂಡು ಮಾರ್ಕ್ಸ್ ಕೊಡ್ತೀನಿ. ನನಗೆ ಸರಿಬಂದಿದ್ದು ಬಂದ್ರೆ ಸೈನು.”

ಇದರ ಮೇಲೆ ದಿನಗಳ ಕಾಟ ಬೇರೆ. ಆಷಾಢ ಬಂದರೆ ಚೇತನನ ತಾಯಿ ಯಾವ ಹೊಸ ಕೆಲಸಕ್ಕೂ ಬಿಡುವವರಲ್ಲ. ಶ್ರಾವಣ ಬಂದರೆ ಕುಡಿಯುವವರೇ ವ್ರತ ಹಿಡಿದು ಕೂರುತ್ತಾರೆ. ಆಮೇಲೆ ಗೌರಿ, ಗಣೇಶ, ಪಿತೃಪಕ್ಷ. ಒಟ್ಟಿನಲ್ಲಿ ಆಷಾಢಕ್ಕೆ ಮುಂಚೆ ಬಾಗಿಲು ತೆರೆಯಬೇಕು, ಇಲ್ಲವೇ ದಸರೆಯವರೆಗೆ ಕಾಯಬೇಕು. “ಅಲ್ಲಿಗಂಟ ಖಾಲಿ ಕಟ್ಟಡ ಹಿಡ್ಕೊಂಡು ಕೂರಕ್ಕಾಗಕಿಲ್ಲ ಅಣ್ಣ. ತಪ್ಪೋದ್ರೆ ಕೈ ಬಿಟ್ಬುಡ್ತೀನಿ” ಎಂದು ಚೇತನ್ ಹೇಳಿದ್ದ. ಅವನು ಕೈ ಬಿಟ್ಟರೆ ನನ್ನ ಕೆಲಸವೂ ಬಿಟ್ಟಿತು. ಐವತ್ತೇಳನೆಯ ವಯಸ್ಸಿನಲ್ಲಿ ಸಾಂಬಾರಿಗೆ ಮೂಗು ಮುರಿಯುವವನನ್ನು ಇನ್ನು ಯಾರು ಕರೆಯುತ್ತಾರೆ? ಇದನ್ನೆಲ್ಲ ನೆನೆಸಿಕೊಂಡರೆ ನಿದ್ದೆ ಬರುತ್ತಿರಲಿಲ್ಲ.

ಸ್ಪೀಕರ್ ತರುವವನು ಇಮ್ರಾನ್. ಗಣೇಶನ ಪೆಂಡಾಲಿನಿಂದ ಹಿಡಿದು ಮದುವೆ ಛತ್ರದವರೆಗೆ ಎಲ್ಲ ಕಡೆ ಸೌಂಡ್ ಕಟ್ಟಿ ಪಳಗಿದವನು, ತಾಳ್ಮೆಯ ಮನುಷ್ಯ. ಮೊದಲನೆಯ ಜೋಡಿ ಬಟ್ಟೆ ಇಡುವ ಬೀರುವಿನಷ್ಟು ಎತ್ತರವಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಅದನ್ನು ಹಚ್ಚಿದ. ಹಾಡು ಶುರುವಾಗುವ ಮೊದಲೇ ಗವಾಕ್ಷಿಯಲ್ಲಿ ತಲೆಮಾರುಗಳಿಂದ ಸಂಸಾರ ಮಾಡಿಕೊಂಡಿದ್ದ ಪಾರಿವಾಳಗಳು ಮನೆ ಖಾಲಿ ಮಾಡಿದವು. ತಾರಸಿಯಿಂದ ಗಾರೆಯ ಪುಡಿ ಉದುರಿ ಚೇತನನ ಕಾಫಿಗೆ ಬಿತ್ತು. ನನ್ನ ಫೋನು ಹೊಡೆದುಕೊಂಡಿತು.

“ಮೂವತ್ತೆರಡು ಕಣೋ” ಎಂದರು ಮಿಸ್. “ಮೂರು ಗ್ರೇಸ್ ಕೊಟ್ಟು ಪಾಸ್ ಮಾಡೋಣ ಅಂದ್ರೆ ಗೋಡೆ ಮೇಲಿನ ಗಡಿಯಾರ ಓರೆ ಆಗಿದೆ. ಹಾಡು ನಿಮ್ಮ ಕಡೆ ಇಟ್ಕೊಂಡು ಬರೀ ಬಡಿತ ಈ ಕಡೆ ಕಳಿಸ್ತೀರಲ್ಲ. ಊಟ ನಿಮಗೆ, ಪಾತ್ರೆ ತೊಳೆಯೋದು ನನಗಾ?”

ಎರಡನೆಯದು ಗೋಡೆಗೆ ನೇತುಹಾಕುವಂಥದ್ದು. ಗಾರೆ ಗೋಡೆಗೆ ಮೊಳೆ ಹೊಡೆದರೆ ಬೆಣ್ಣೆಗೆ ಹೋದ ಹಾಗೆ ಒಳಗೆ ಹೋಗುತ್ತದೆ. ಹೊರಗೆ ಬರುವಾಗ ಮಾತ್ರ ಒಂದು ತಟ್ಟೆಯಗಲದ ಗಾರೆಯನ್ನೂ ಕರೆದುಕೊಂಡು ಬರುತ್ತದೆ. ಸ್ಪೀಕರ್ ನೇತಾಡುವ ಮೊದಲೇ ಕೆಳಗೆ ಬಿತ್ತು. ಮಿಸ್ ಅದಕ್ಕೆ ‘ಗೈರುಹಾಜರಿ’ ಎಂದು ಬರೆದುಕೊಂಡರಂತೆ.

ಮೂರನೆಯದು ಸಣ್ಣ ಸಣ್ಣ ಎಂಟು ಡಬ್ಬಿಗಳು. ಇಮ್ರಾನ್ ಅವನ್ನು ತೊಲೆಗಳಿಗೆ ಅಲ್ಲಲ್ಲಿ ಹಗ್ಗದಲ್ಲಿ ಕಟ್ಟಿದ. ಒಂದೇ ಕಡೆಯಿಂದ ಕೂಗಿಸುವ ಬದಲು ಎಂಟು ಕಡೆಯಿಂದ ಮೆಲ್ಲಗೆ ಹೇಳಿಸುವುದು ಅವನ ಉಪಾಯ. ಮಿಸ್ ಫೋನು ಮಾಡಿ “ಅರವತ್ತೆರಡು. ಫಸ್ಟ್ ಕ್ಲಾಸ್” ಎಂದರು. ಚೇತನ್ “ಸಖತ್ತಾಗೈತೆ ಅಣ್ಣ, ಇದೇ ಮಾಡ್ಬುಡನಾ” ಎಂದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಈ ಸಲ, ದೇವರಾಣೆ, ಬೂಟಾಟಿಕೆಗೆ ಮುಚ್ಚಿದ್ದಲ್ಲ. ನಿಜವಾಗಿಯೂ ಏನೋ ಕಮ್ಮಿಯಿತ್ತು. ಹಾಡುವವನಿಗೆ ಬಾಯಲ್ಲಿ ಹಲ್ಲೇ ಇಲ್ಲವೇನೋ ಎನ್ನುವ ಹಾಗೆ ಪದಗಳೆಲ್ಲ ಮೆತ್ತಗಾಗಿದ್ದವು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಏನು ಕಮ್ಮಿ ಎಂದು ಬೆರಳಿಟ್ಟು ತೋರಿಸುವ ಯೋಗ ನನಗೆ ಬಂದಿತ್ತು. “ಸ ಕಾರ ಶ ಕಾರ ಬರ್ತಾನೇ ಇಲ್ಲ ಇಮ್ರಾನ್. ಇದು ಬೇಡ” ಎಂದು ಗಂಭೀರವಾಗಿ ಹೇಳಿದೆ. ಅವನು ಡಬ್ಬಿಗಳನ್ನು ಬಿಚ್ಚಿಕೊಂಡು ಹೋದ. ನಾಲ್ಕನೆಯದನ್ನು ತಂದ, ಅದರಲ್ಲೂ ಸ ಕಾರ ಬರಲಿಲ್ಲ. ಐದನೆಯದು, ಆರನೆಯದು. ಬರುವ ಸ್ಪೀಕರುಗಳಿಗೆಲ್ಲ ಒಂದೇ ರೋಗ. ಆಷಾಢಕ್ಕೆ ಒಂಬತ್ತು ದಿನ ಉಳಿದಿತ್ತು.

ಏಳನೆಯ ಸಲ ಇಮ್ರಾನ್ ಹೊಸ ಸ್ಪೀಕರ್ ತರಲಿಲ್ಲ. ಮೂರನೆಯ ಜೋಡಣೆಯನ್ನೇ ಮತ್ತೆ ಕಟ್ಟಿ, “ಸಾರ್, ಇವತ್ತು ಹಾಡು ಬೇಡ. ಬರೀ ಸೀಟಿ ಥರದ ಶಬ್ದ ಹಾಕ್ತೀನಿ. ಸಣ್ಣಗೆ ಆಗ್ತಾ ಹೋಗುತ್ತೆ. ಕೇಳಿಸ್ತಿರೋವರೆಗೂ ಎಲ್ಲರೂ ಕೈ ಎತ್ಕೊಂಡಿರಿ. ತಪ್ಪು ಎಲ್ಲಿದೆ ಅಂತ ಗೊತ್ತಾಗ್ಬುಡುತ್ತೆ” ಎಂದ. ಅಂದು ಮಿಸ್ ಕೂಡ ಪಬ್ಬಿನೊಳಗೆ ಬಂದಿದ್ದರು. ಎತ್ತರದ ಸ್ಟೂಲುಗಳನ್ನು ನೋಡಿ, “ಇದನ್ನ ಹತ್ತೋಕೆ ಆಗೋರು ಇಳಿಯೋಕೆ ಆಗದಂಗೆ ಆಗ್ತಾರೇನೋ?” ಎಂದು ಕೇಳಿ, ಮೂಲೆಯ ಸೋಫಾದಲ್ಲಿ ಕೂತು, ಫ್ಲಾಸ್ಕಿನಿಂದ ತಮ್ಮ ಕಾಫಿಯನ್ನು ತಾವೇ ಬಗ್ಗಿಸಿಕೊಂಡರು.

ಶಬ್ದ ಶುರುವಾಯಿತು. ನಾವು ಮೂವರೂ ಕೈ ಎತ್ತಿದೆವು. ಅದು ಸಣ್ಣಗಾಗುತ್ತಾ ಹೋಗಿ, ನಿಂತುಹೋಯಿತು. ನಾನು ಕೈ ಇಳಿಸಿ, “ಆಯ್ತಲ್ಲ ಇಮ್ರಾನ್, ಮುಂದಿಂದು ಹಾಕಿ” ಎಂದೆ. ತಿರುಗಿ ನೋಡಿದರೆ ಚೇತನನ ಕೈ ಮೇಲೇ ಇತ್ತು. ಮಿಸ್ ಅವರ ಕೈಯೂ ಮೇಲಿತ್ತು. ಇಮ್ರಾನ್ ನನ್ನನ್ನೇ ನೋಡುತ್ತಿದ್ದ.

“ಕೈ ಎತ್ತೋ ಮಾದೇವ” ಎಂದರು ಮಿಸ್.

“ಯಾಕೆ ಮಿಸ್?”

ಅವರ ಕೈ ನಿಧಾನವಾಗಿ ಇಳಿಯಿತು. ಉತ್ತರ ಗೊತ್ತಿಲ್ಲದಿದ್ದರೂ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ ಹುಡುಗನನ್ನು ಅವರು ಬಲ್ಲರು. ಕೈ ಎತ್ತದೆ ಕೂತ ಈ ಮನುಷ್ಯನನ್ನು ನೋಡಿದ್ದು ಮೊದಲ ಸಲವಿರಬೇಕು. ನನಗೆ ಆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಇಪ್ಪತ್ತೆಂಟು ವರ್ಷ ರುಬ್ಬುವ ಯಂತ್ರದ ಪಕ್ಕ, ಸ್ಟೀಲ್ ಲೋಟಗಳ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತವನ ಕಿವಿಯಲ್ಲಿ ಸ ಕಾರ ಉಳಿಯುವುದಾದರೂ ಹೇಗೆ? ಸ್ಪೀಕರುಗಳ ತಪ್ಪು ಏನೂ ಇರಲಿಲ್ಲ. ಪಾಪ, ಇಮ್ರಾನ್ ಮೂರು ವಾರದಿಂದ ನನ್ನ ಕಿವಿಯನ್ನು ರಿಪೇರಿ ಮಾಡಲು ಹಗ್ಗ ಕಟ್ಟುತ್ತಿದ್ದ. ನನಗೆ ನಾಚಿಕೆಯಿಂದ ನೆಲ ನೋಡುವಂತಾಯಿತು. ಚೇತನ್ “ಓಗ್ಲಿ ಬುಡಣ್ಣ” ಎಂದ. ಅವನು ಬೈದಿದ್ದರೇ ಚೆನ್ನಾಗಿತ್ತು.

“ಹಾಗಾದ್ರೆ ಇದೇ ಇರ್ಲಿ ಮಿಸ್. ಸೈನ್ ಹಾಕ್ಬುಡಿ” ಎಂದು ಕಾಗದ ಮುಂದೆ ಹಿಡಿದೆ.

“ಸ್ಪೀಕರ್ ಪಾಸು. ಆದ್ರೆ ಸಂಜೆ ಅದರ ಸೌಂಡ್ ಏರಿಸಿ ಇಳಿಸೋ ತಿರುಪು ಯಾರ ಕೈಲಿರುತ್ತೆ?”

“ನನ್ನ ಕೈಲಿ.”

“ಕಿವಿ ಕೇಳಿಸದೋನ ಕೈಗೆ ತಿರುಪು ಕೊಟ್ಟು ನಾನು ಸೈನ್ ಹಾಕ್ಲಾ? ಹೋಗಿ ಕಿವಿ ತೋರಿಸ್ಕೊಂಡು ಬಾ. ಆಮೇಲೆ ಪೆನ್ ತೆಗೀತೀನಿ.”

ಕಿವಿಯ ಪರೀಕ್ಷೆಗೆಂದು ಎಲ್ಲೆಲ್ಲಿಂದಲೋ ಬಸ್ಸು ಹತ್ತಿಕೊಂಡು ಜನ ನಮ್ಮ ಮೈಸೂರಿನ ಕಿವಿ ಆಸ್ಪತ್ರೆಗೆ ಬರುತ್ತಾರೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನನಗೆ ಅಲ್ಲಿಗೊಂದು ಆಟೋ ಹತ್ತಲು ಐವತ್ತೇಳು ವರ್ಷ ಬೇಕಾಯಿತು. ಹೊರಗಿನ ಸದ್ದು ಬಾರದ ಒಂದು ಗೂಡಿನಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಪರೀಕ್ಷೆ ಮಾಡಿದ ಹುಡುಗಿ ಕಿವಿಗೆ ಹಾಕುವ ನಾಲ್ಕಾರು ಯಂತ್ರಗಳನ್ನು ಮುಂದಿಟ್ಟು, ‘ಯಾವುದು ಸರಿ ಕೇಳಿಸುತ್ತೆ ಹೇಳಿ ಸಾರ್’ ಎಂದಳು. ತಲೆ ವಾಲಿಸುವ ಧೈರ್ಯ ಬರಲಿಲ್ಲ. ಮೊದಲನೆಯದಕ್ಕೇ ‘ಚೆನ್ನಾಗಿದೆ’ ಎಂದುಬಿಟ್ಟೆ. ಅವಳೇ ಬೇಡವೆಂದು ಮೂರನೆಯದನ್ನು ಕಿವಿಯ ಹಿಂದೆ ಸಿಕ್ಕಿಸಿ ಕಳಿಸಿದಳು. ನೇರವಾಗಿ ನಜರ್‌ಬಾದಿಗೆ ಹೋದೆ. ಮಿಸ್ ನನ್ನ ಬೆನ್ನ ಹಿಂದೆ ನಿಂತು ಏನೋ ಪಿಸುಗುಟ್ಟಿದರು. “ಸಾಸಿವೆ, ಶುಂಠಿ, ಸಕ್ಕರೆ” ಎಂದು ತಿರುಗಿ ಒಪ್ಪಿಸಿದೆ. ಅವರು ಪೆನ್ ತೆಗೆದರು. ಆಷಾಢಕ್ಕೆ ನಾಲ್ಕು ದಿನವಿತ್ತು. ಚೇತನನ ಪಬ್ಬೂ ಉಳಿಯಿತು, ನನ್ನ ಕೆಲಸವೂ ಉಳಿಯಿತು.

ಸಂಜೆ ಮನೆಗೆ ಬಂದೆ. ಬಾಗಿಲು ತೆರೆದೇ ಇತ್ತು. ನನ್ನ ಹೆಂಡತಿ ನಾಗರತ್ನ ಅಡುಗೆಮನೆಯಲ್ಲಿ ಆ ಕಡೆ ತಿರುಗಿಕೊಂಡು ರೊಟ್ಟಿ ತಟ್ಟುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಒಳಗೆ ಯಾರೊಡನೆಯೋ ಮಾತಾಡುತ್ತಿದ್ದಳು. ಇಣುಕಿದೆ, ಯಾರೂ ಇರಲಿಲ್ಲ.

“ರೀ, ಇವತ್ತು ಮಂಡಿ ಯಾಕೋ ಜಾಸ್ತಿ ನೋಯ್ತಿದೆ ಕಣ್ರೀ” ಎಂದಳು. ತಟ್ಟಿದ ರೊಟ್ಟಿಯನ್ನು ಹೆಂಚಿಗೆ ಹಾಕಿ, ತಾನೇ ಉತ್ತರ ಹೇಳಿಕೊಂಡಳು. “ನೀನು ಕೂತ್ಕೋ, ರೊಟ್ಟಿ ನಾನು ಬೇಯಿಸ್ತೀನಿ ಅಂತೀರಾ? ಬೇಡ ಬುಡಿ, ನೀವೂ ದಣಿದು ಬಂದಿರ್ತೀರ. ಕೇಳಿದ್ರಲ್ಲ, ಅಷ್ಟು ಸಾಕು.”

ಹೀಗೆ ಎಷ್ಟು ವರ್ಷದಿಂದ ನಡೆದಿತ್ತೋ ನನಗೆ ತಿಳಿಯದು. ಕೇಳಿ ಕೇಳಿ ಉತ್ತರ ಬಾರದೆ, ಕೊನೆಗೆ ನನ್ನ ಪಾಲಿನ ಮಾತನ್ನೂ ಅವಳೇ ಆಡಿಕೊಳ್ಳಲು ಕಲಿತುಬಿಟ್ಟಿದ್ದಳು. ಅವಳ ಮಾತಿನಲ್ಲಿದ್ದ ಗಂಡ ನಾನು ಇದುವರೆಗೆ ಆಡಿದ್ದಕ್ಕಿಂತ ಎಷ್ಟೋ ಒಳ್ಳೆಯ ಮಾತಾಡುತ್ತಿದ್ದ. ಮಂಡಿ ನೋವು ವಿಚಾರಿಸುತ್ತಿದ್ದ, ರೊಟ್ಟಿ ಬೇಯಿಸಲು ಸಿದ್ಧನಿದ್ದ. ಕೂಗಿ ಕರೆಯೋಣ ಎಂದುಕೊಂಡೆ. ಆದರೆ ನಾನು ಒಳಗೆ ಕಾಲಿಟ್ಟರೆ ಅವನು ಹೊರಗೆ ಹೋಗಬೇಕಾಗುತ್ತದಲ್ಲ ಎನಿಸಿ, ಹೊಸಿಲಿನಲ್ಲೇ ನಿಂತೆ.