ತೋಳಿನ ಮೇಲಿನ ಚಾಡಿಕೋರ

ವ್ಯಾಪಾರಕ್ಕೆ ಕೂತವನಿಗೆ ಮುಖ ಇರಬಾರದು. ಕಣ್ಣು ಇರಲಿ, ಕಿವಿ ಇರಲಿ, ಕೈ ಅಂತೂ ಇರಲೇಬೇಕು. ಮುಖವನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರಬೇಕು. ತಿಪಟೂರಿನಲ್ಲಿ ಕಂಡವರ ಮಂಡಿಯಲ್ಲಿ ಮೂಟೆ ಹೊತ್ತು ಶುರುಮಾಡಿದ ನಾನು ಇವತ್ತು ಅದೇ ಸಾಲಿನಲ್ಲಿ ನನ್ನದೇ ಒಂದು ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದರೆ ಅದಕ್ಕೆ ಕಾರಣ ಈ ಗುಣವೇ ಎಂದು ಬಲವಾಗಿ ನಂಬಿದ್ದೆ. ರೈತ ಅಟ್ಟದಿಂದ ಒಂದು ಕಾಯಿ ತಂದು ಕೈಗಿಡುತ್ತಾನೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಒಣಗಿದ ಗಿಟುಕು ಲೊಟಲೊಟ ಎನ್ನುತ್ತದೆ. ಆ ಸದ್ದಿನಲ್ಲೇ ಕೊಬ್ಬರಿ ಎಂಥದ್ದೆಂದು ನನಗೆ ಗೊತ್ತಾಗಿಬಿಡುತ್ತದೆ. ಒಳ್ಳೆಯ ಮಾಲು ಎಂದು ಗೊತ್ತಾದ ಕ್ಷಣವೇ ನಾನು ದೂರದ ನೆಂಟರ ಸಾವಿನ ಸುದ್ದಿ ಕೇಳಿದವನ ಹಾಗೆ ಕಾಯನ್ನು ಕೆಳಗಿಟ್ಟು ಆಕಾಶ ನೋಡುತ್ತೇನೆ. ಇದು ನನ್ನ ಮೊದಲನೆಯ ಪಾಠ, ಬೇಕಾದವರು ಕಲಿಯಬಹುದು. ಎರಡನೆಯದು ಇನ್ನೂ ಮುಖ್ಯ: ಬೆಲೆ ಕುದುರುವವರೆಗೆ ಮಾರುವವನ ಮನೆಯಲ್ಲಿ ಒಂದು ತೊಟ್ಟು ನೀರನ್ನೂ ಮುಟ್ಟಬಾರದು. ಅವರ ಮನೆಯ ಮಜ್ಜಿಗೆ ಕುಡಿದ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಗಟ್ಟಿಯಾಗಿ ಬರುವುದಿಲ್ಲ. ಹೊಟ್ಟೆ ಚುರುಗುಟ್ಟಲಿ, ಪಕ್ಕದಲ್ಲಿ ಹುರುಳಿ ಬಸ್ಸಾರಿನ ವಾಸನೆ ಕುಣಿಯಲಿ, ಮೊದಲು ಮಾತು, ಆಮೇಲೆ ಮುದ್ದೆ. ನಮ್ಮ ಕಡೆಯ ಹಳೇ ವ್ಯಾಪಾರಿಗಳೆಲ್ಲ ಪಾಲಿಸಿಕೊಂಡು ಬಂದ ವ್ರತ ಇದು.

ಇಂಥ ನನಗೆ ಈಗ ತೋಳಿನ ಹಿಂದೆ ನಾಣ್ಯದಷ್ಟು ದೊಡ್ಡದೊಂದು ಬಿಳಿ ಬಿಲ್ಲೆ ಅಂಟಿಸಿದ್ದಾರೆ. ಸೆನ್ಸರ್ ಅಂತೆ. ಅದರ ಒಳಗಿನ ಕೂದಲಿನಂಥ ತಂತಿ ಚರ್ಮದಡಿ ಕೂತು ನನ್ನ ರಕ್ತದ ಸಕ್ಕರೆಯನ್ನು ಹಗಲೂ ರಾತ್ರಿ ಮೂಸುತ್ತಿರುತ್ತದೆ. ಕಡಿಮೆಯಾದರೂ ಕೂಗುತ್ತದೆ, ಹೆಚ್ಚಾದರೂ ಕೂಗುತ್ತದೆ, ಕೂಗುವುದು ನನ್ನ ಜೇಬಿನಲ್ಲಿರುವ ಫೋನಿನಲ್ಲಿ. ಹೇಳಿಬಿಡುತ್ತೇನೆ, ಈ ವಸ್ತುವಿನ ಮೇಲೆ ನನಗೆ ಇರುವಷ್ಟು ಸಿಟ್ಟು ಬೇರೆ ಯಾರ ಮೇಲೂ ಇಲ್ಲ. ತೂಕದಲ್ಲಿ ಮೋಸ ಮಾಡಿದವನನ್ನು ಕ್ಷಮಿಸಿದ್ದೇನೆ. ಹಸಿ ಕೊಬ್ಬರಿಯನ್ನು ಮೂಟೆಯ ತಳದಲ್ಲಿ ತುಂಬಿ ಕಳಿಸಿದವನ ಮಗಳ ಮದುವೆಗೆ ಹೋಗಿ ಮುಯ್ಯಿ ಮಾಡಿ ಬಂದಿದ್ದೇನೆ. ಇದನ್ನು ಮಾತ್ರ ಕ್ಷಮಿಸಲಾರೆ.

ಮೊದಲು ನನ್ನ ಹತ್ತಿರ ಬೆರಳು ಚುಚ್ಚಿ ನೋಡುವ ಸಣ್ಣ ಯಂತ್ರವಿತ್ತು. ಅದು ಮರ್ಯಾದಸ್ಥ. ಕೇಳಿದಾಗ ಮಾತ್ರ ಹೇಳುತ್ತಿತ್ತು, ಕೇಳದಿದ್ದರೆ ಡಬ್ಬಿಯೊಳಗೆ ಮಲಗಿರುತ್ತಿತ್ತು. ಅದರ ಜೊತೆ ಒಂದು ಹೊಂದಾಣಿಕೆಗೂ ಬಂದಿದ್ದೆ. ಹಿಂದಿನ ರಾತ್ರಿ ಮುದ್ದೆ ಅರ್ಧಕ್ಕಿಳಿಸಿ, ಬೆಳಿಗ್ಗೆ ಬಿರುಸಾಗಿ ನಡೆದು ಬಂದು, ಆಮೇಲೆ ಬೆರಳು ಕೊಟ್ಟರೆ ಒಳ್ಳೆಯ ಅಂಕಿ ತೋರಿಸುತ್ತಿತ್ತು. ಆ ಅಂಕಿ ಹಿಡಿದುಕೊಂಡು ಡಾಕ್ಟರ ಮುಂದೆ ಹೋದರೆ ಅವರಿಗೂ ಸಂತೋಷ, ನನಗೂ ಸಂತೋಷ. ಎಲ್ಲ ಸುಸೂತ್ರವಾಗಿತ್ತು, ಹೋದ ವರ್ಷ ತುರುವೇಕೆರೆ ಕಡೆಯ ಒಂದು ತೋಟದ ಮನೆಯಲ್ಲಿ ಅಟ್ಟದ ಏಣಿ ಹತ್ತುವಾಗ ಸಕ್ಕರೆ ಇಳಿದು ಕಣ್ಣು ಕತ್ತಲೆ ಬರುವವರೆಗೆ. ಪುಣ್ಯಕ್ಕೆ ಕೆಳಗೆ ಕಾಯಿಮಟ್ಟೆಯ ರಾಶಿ ಇತ್ತು. ಬಿದ್ದವನು ಮಟ್ಟೆಯ ಮೇಲೆ ಬಿದ್ದೆ. ಎಚ್ಚರವಾದಾಗ ಬಾಯಲ್ಲಿ ಸಕ್ಕರೆ, ಎದುರಿಗೆ ನನ್ನ ಮಗಳು ಶೈಲಾ. ಅವಳನ್ನು ತುರುವೇಕೆರೆಗೇ ಕೊಟ್ಟಿರುವುದು. ಹತ್ತಿರದಲ್ಲೇ ಇರಲಿ ಎಂದು ನಾನೇ ಹುಡುಕಿ ಕೊಟ್ಟ ಸಂಬಂಧ. ಆಗ ಅದು ಜಾಣತನ ಅನ್ನಿಸಿತ್ತು.

ಅವತ್ತೇ ತಾಯಿ ಮಗಳು ಸೇರಿ ತೀರ್ಪು ಕೊಟ್ಟರು. ನನ್ನ ಹೆಂಡತಿ ಸರೋಜ ಹೇಳಿದಳು: “ಇದನ್ನ ಅಂಟಿಸ್ಕೊಂಡ್ರೆ ಹಳ್ಳಿ ಮೇಲೆ ಹೋಗಿ. ಇಲ್ಲಾಂದ್ರೆ ಮಂಡೀಲಿ ಗಲ್ಲಾದ ಮುಂದೆ ಗಣಪತಿ ಹಂಗೆ ಕೂತಿರಿ. ಎರಡ್ರಲ್ಲಿ ಒಂದು ಹೇಳ್ರೀ.”

“ಮಧ್ಯದಲ್ಲಿ ಏನಾದ್ರೂ...” ಎಂದು ನಾನು ಬಾಯಿ ತೆರೆದೆ.

“ಇದು ಕೊಬ್ಬರಿ ಅಲ್ಲ ಕಣ್ರೀ, ಚೌಕಾಸಿ ಇಲ್ಲ,” ಎಂದಳು.

ಹಳ್ಳಿ ಮೇಲೆ ಹೋಗಿ ಅಟ್ಟ ಹತ್ತಿ ಕಾಯಿ ಅಲ್ಲಾಡಿಸದೆ ಮಂಡಿಯಲ್ಲಿ ಕೂರುವುದೂ ಒಂದೇ, ಫೋಟೊಗೆ ಹಾರ ಹಾಕಿಸಿಕೊಂಡು ಗೋಡೆ ಮೇಲೆ ಕೂರುವುದೂ ಒಂದೇ. ಒಪ್ಪಿಕೊಂಡೆ. ಮೆಡಿಕಲ್ ಸ್ಟೋರಿಗೆ ಹೋಗಿ ಅಲ್ಲಾದರೂ ಸೇಡು ತೀರಿಸಿಕೊಳ್ಳೋಣ ಎಂದು ರೇಟಿಗೆ ಕೂತೆ. “ಎರಡು ತಗೊಂಡ್ರೆ?” ಎಂದೆ. “ಎರಡರ ರೇಟು ಆಗುತ್ತೆ ಸಾರ್,” ಎಂದ ಅಂಗಡಿಯವನು. ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಆಕಾಶ ನೋಡಿದೆ. ಅಲ್ಲಿ ಫ್ಯಾನು ತಿರುಗುತ್ತಿತ್ತು. ಇನ್ನೊಂದು ವಿಷಯ ಕೇಳಿ. ಎರಡು ವಾರವಾದ ಮೇಲೆ ಈ ಬಿಲ್ಲೆ ಚೆನ್ನಾಗಿ ಅಂಟಿಕೊಂಡೇ ಇದ್ದರೂ, ಏನೂ ಕೆಟ್ಟಿರದಿದ್ದರೂ, ತಾನಾಗಿಯೇ ಸತ್ತುಹೋಗುತ್ತದೆ. ನಮ್ಮ ಕಾಯಿ ವರ್ಷವಿಡೀ ಅಟ್ಟದ ಮೇಲೆ ಕೂತು ಕೊಬ್ಬರಿಯಾಗುತ್ತದೆ. ಇದು ಎರಡು ವಾರಕ್ಕೆ ಕಸವಾಗುತ್ತದೆ. ಇಂಥ ವ್ಯಾಪಾರವನ್ನು ಯಾವನು ಕಂಡುಹಿಡಿದನೋ, ಅವನ ಕಾಲಿಗೆ ಬಿದ್ದು ಶಿಷ್ಯನಾಗಬೇಕು, ಆಮೇಲೆ ಬಾರಿಸಬೇಕು.

ಅಂಟಿಸಿಕೊಂಡ ಮೊದಲ ವಾರದಲ್ಲೇ ಸಂಪಿಗೆ ಎಂಬ ಊರಿನಲ್ಲಿ ನೆಂಟರೊಬ್ಬರ ಗೃಹಪ್ರವೇಶ. ತುಪ್ಪ ಹಾಕಿದ ಒಬ್ಬಟ್ಟು. ಸರೋಜ ಹೆಂಗಸರ ಪಂಕ್ತಿಯಲ್ಲಿದ್ದಳು. ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಹತ್ತು ಜನರ ಮಧ್ಯೆ ಕೂತು, “ನಾನು ಸಿಹಿ ಬಿಟ್ಟು ವರ್ಷಗಳಾದ್ವು. ಮನಸ್ಸು ಗಟ್ಟಿ ಇರ್ಬೇಕು ಕಣಪ್ಪ, ಅಷ್ಟೇ,” ಎಂದು ಉಪದೇಶ ಮಾಡುತ್ತಿದ್ದೆ. ಜೇಬು ಕೂಗಿತು. ಏನದು, ಏನದು ಎಂದು ಎಲ್ಲರೂ ನೋಡಿದರು. ಆರಿಸುವಷ್ಟರಲ್ಲಿ ಮಗಳ ಫೋನ್ ಬಂತು. ಈ ಚಾಡಿಕೋರ ನನಗೆ ಹೇಳಿದ್ದನ್ನೆಲ್ಲ ಅವಳ ಫೋನಿಗೂ ಹೇಳುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

“ಅಪ್ಪಾ, ಏನ್ ತಿಂದೆ?”

“ಏನಿಲ್ಲ ಕಣವ್ವ, ಒಂಚೂರು ಚಿತ್ರಾನ್ನ.”

“ಎಷ್ಟು ಒಬ್ಬಟ್ಟಿತ್ತು ಆ ಚಿತ್ರಾನ್ನದಲ್ಲಿ?”

ಇನ್ನೂ ಇದೆ. ಮಧ್ಯಾಹ್ನ ಆ ತೋಳಿನ ಮೇಲೆ ಒರಗಿ ಒಂದು ಜೊಂಪು ತೆಗೆದರೆ, ಬಿಲ್ಲೆ ಅದುಮಿಕೊಂಡು, ಸಕ್ಕರೆ ಕುಸಿದೇ ಹೋಯಿತೆಂದು ಸುಳ್ಳೇ ಕೂಗುತ್ತದೆ. ಸರೋಜ ಸಕ್ಕರೆ ಡಬ್ಬಿ ಹಿಡಿದು ಓಡಿ ಬರುತ್ತಾಳೆ. ಒಬ್ಬಟ್ಟು ತಿಂದಾಗ ನಿಜ ಹೇಳುವುದು, ಮಲಗಿದಾಗ ಸುಳ್ಳು ಹೇಳುವುದು, ಎರಡರಲ್ಲೂ ನನಗೇ ನಷ್ಟವಾಗುವಂತೆ ನೋಡಿಕೊಳ್ಳುವುದು. ಕಿತ್ತು ಬಿಸಾಕುತ್ತೇನೆ ಎಂದು ಎಷ್ಟು ಸಲ ತೋಳಿಗೆ ಕೈ ಹಾಕಿದ್ದೇನೋ. ಪ್ರತಿ ಸಲವೂ ಗಲ್ಲಾದ ಮುಂದಿನ ಗಣಪತಿ ನೆನಪಾಗಿ ಕೈ ಕೆಳಗಿಳಿದಿದೆ.

ಕಂದಿಕೆರೆಯಲ್ಲಿ ಆದದ್ದನ್ನು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಅಲ್ಲಿ ಮಲ್ಲಣ್ಣ ಅಂತ ಒಬ್ಬ ರೈತ. ಅವನ ಅಟ್ಟದ ಕೊಬ್ಬರಿಗೆ ನಾನು ಬಹಳ ವರ್ಷದ ಗಿರಾಕಿ. ಈಗ ಮಾರ್ಕೆಟ್ಟಿನಲ್ಲಿ ಎಲ್ಲ ಕಂಪ್ಯೂಟರಿನ ಟೆಂಡರು. ಆದರೆ ಮನೆಗೇ ಹೋಗಿ ಅಟ್ಟದ ಮಾಲು ಮಾತಾಡುವಾಗ ನಾವು ಹಳಬರು ಈಗಲೂ ಟವೆಲ್ ಹಾಸಿ, ಅದರಡಿ ಕೈ ಹಿಡಿದು, ಬೆರಳಲ್ಲೇ ಬೆಲೆ ಹೇಳುತ್ತೇವೆ. ಸುತ್ತ ಎಷ್ಟು ಜನ ಕೂತಿದ್ದರೂ ಬೆಲೆ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಾಗುವುದಿಲ್ಲ. ಅವತ್ತು ಜಗಲಿಯ ಮೇಲೆ ಇನ್ನೊಬ್ಬ ವ್ಯಾಪಾರಿಯೂ ತನ್ನ ಸರದಿಗೆ ಕಾದು ಕೂತಿದ್ದ. ಈ ಮಾಲು ನನ್ನ ಕೈ ತಪ್ಪಿದರೆ ನಾನು ಹಳ್ಳಿ ಮೇಲೆ ಹೋಗುವುದಕ್ಕೆ ಅರ್ಥವೇ ಇರಲಿಲ್ಲ. ನಾನು ಹಳ್ಳಿ ಬಿಟ್ಟು ಮಂಡಿಯಲ್ಲಿ ಕೂರಲಿ ಎಂಬುದೇ ಸರೋಜಳಿಗೆ ಬೇಕಿದ್ದದ್ದು.

ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ಒಂದು ಇಡ್ಲಿ ತಿಂದು ಹೊರಟಿದ್ದೆ. ಮಲ್ಲಣ್ಣ ಎಂದಿನ ಹಾಗೆ ಮಳೆ, ನುಸಿ, ಅಮ್ಮಸಂದ್ರದ ಬೀಗರು ಎಂದು ಮಾತು ಎಳೆಯುತ್ತಲೇ ಇದ್ದ. ಊಟದ ಹೊತ್ತು ಮೀರಿತು. ಅವನ ಹೆಂಡತಿ ರಂಗಮ್ಮ ಇಣುಕಿ, “ಅಡುಗೆ ಇನ್ನೂ ಆಗಿಲ್ಲ ಕಣ್ರೀ, ವಸಿ ತಡೀರಿ,” ಎಂದಳು. ನಾನಂತೂ ವ್ರತಸ್ಥ, ನೀರನ್ನೂ ಮುಟ್ಟಿರಲಿಲ್ಲ. ಟವೆಲ್ ಅಡಿ ಕೈ ಸೇರಿತು. ಅವನು ಬೆರಳು ಒತ್ತಿದ. ನಾನು ಆಕಾಶ ನೋಡಿದೆ. ನಾನು ಒತ್ತಿದೆ, ಅವನು ತೆಂಗಿನ ಮರ ನೋಡಿದ. ಇನ್ನೇನು ಹಾದಿಗೆ ಬಂದ ಎನ್ನುವಾಗ ಜೇಬು ಕೂಗಿಕೊಂಡಿತು. ಫೋನನ್ನು ಸೈಲೆಂಟಿಗೆ ಹಾಕಿದ್ದೆ. ಆದರೂ ಕೂಗಿತು. ಎಡಗೈಯಲ್ಲಿ ಒತ್ತಿ ಆರಿಸಿದೆ. ಮತ್ತೆ ಕೂಗಿತು. “ಏನಿಲ್ಲ, ಮಂಡಿ ಫೋನು,” ಎಂದೆ. ಬೆರಳು ಮಾತ್ರ ಬಿಡಲಿಲ್ಲ.

ಮಲ್ಲಣ್ಣ ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡ. “ಏಯ್ ಇವಳೇ, ಬೆಲ್ಲದ ನೀರು ತತ್ತಾ. ಸಾವ್ಕಾರ್ರಿಗೆ ಸಕ್ಕರೆ ಇಳಿದದೆ,” ಎಂದು ಒಳಗೆ ಕೂಗಿದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಇಳಿದದೆ ಅಂತ ನಿಂಗ್ಯಾರು ಹೇಳಿದ್ರು? ಈ ದರಿದ್ರ ಫೋನಾ?”

“ಫೋನು ಈಗ ಕೂಗ್ತು ಬುಡಿ. ನಿಮ್ಮ ಕೈ ಆಗ್ಲೇ ಕೂಗ್ತಿತ್ತು,” ಎಂದ ಅವನು ತಣ್ಣಗೆ. “ಮೊದ್ಲು ಬೆವರ್ತದೆ, ಆಮೇಲೆ ತಣ್ಣಗಾಯ್ತದೆ, ಆಮೇಲೆ ಬೆರಳು ನಡುಗ್ತದೆ. ನಡುಕ ಬಂತು ಅಂದ್ರೆ ನೀವು ಒಪ್ಕೋತೀರಿ. ಈ ಸುತ್ತಿನೋರಿಗೆಲ್ಲ ಗೊತ್ತಿರೋದೇ. ನಿಮ್ಮ ಜೊತೆ ಬೆಳಿಗ್ಗೆ ವ್ಯಾಪಾರ ಮಾಡ್ಬಾರ್ದು, ಊಟದ ಹೊತ್ತು ದಾಟಿಸ್ಬೇಕು.”

ಜಗಲಿಯ ಮೇಲಿದ್ದ ಆ ಇನ್ನೊಬ್ಬ ವ್ಯಾಪಾರಿ ಕಂಬದ ಕಡೆ ತಿರುಗಿ ಕೆಮ್ಮಿದ. ನಗುವನ್ನು ಕೆಮ್ಮಾಗಿ ಬದಲಾಯಿಸುವ ವಿದ್ಯೆ ನನಗೂ ಗೊತ್ತು. ರಂಗಮ್ಮ ಚೊಂಬು ತಂದಿಟ್ಟಳು. ಆ ಮನೆಯಲ್ಲಿ ಅಡುಗೆ ಯಾವತ್ತೂ ತಡವಾಗುತ್ತಿದ್ದದ್ದು ಯಾಕೆ ಎಂಬುದು ಆಗ ಹೊಳೆಯಿತು. ನಾನು ಪ್ರತಿ ಸಲವೂ, ಪಾಪ, ಈ ಹೆಣ್ಣುಮಗಳಿಗೆ ಎಷ್ಟು ಕೆಲಸವೋ ಎಂದು ಮರುಗುತ್ತಿದ್ದೆ. “ಅಂದ್ರೆ ಇಷ್ಟು ವರ್ಷ ನನ್ನನ್ನ ಉಪವಾಸ ಕೆಡವಿ ಗೆದ್ದಿದೀಯ!” ಎಂದು ಗದರಿದೆ.

“ಎಲ್ಲಾ ಸಲ ಎಲ್ಲಿ ಗೆದ್ದೆ?” ಎಂದ ಮಲ್ಲಣ್ಣ. “ಎಷ್ಟೋ ಸಲ ನಾನೇ ಇಳಿಸಿದೀನಿ. ನಿಮ್ಮ ಕೈ ಐಸಿನಂಗೆ ಆದ್ದು ನೋಡಿ ಹೆದರ್ಕಂಡು. ನಮ್ಮ ಜಗಲಿ ಮೇಲೆ ಏನಾದ್ರೂ ಆದ್ರೆ ಏನ್ ಗತಿ? ಹಾಳಾಗೋಗ್ಲಿ, ತಗೊಂಡ್ ಹೋಗಿ ಉಣ್ಲಿ ಅಂತ ಬುಟ್ಬುಡ್ತಿದ್ದೆ. ಕುಡೀರಿ ಮೊದ್ಲು.”

ಏಟು ಬಿದ್ದದ್ದು ಅಲ್ಲಿ. ಸೋತದ್ದಕ್ಕೆ ಬೇಜಾರಿಲ್ಲ, ವ್ಯಾಪಾರದಲ್ಲಿ ಸೋಲು ಇದ್ದದ್ದೇ. ಆದರೆ ಗೆದ್ದೆ ಎಂದು ಮೀಸೆ ತಿರುವಿದ ವ್ಯಾಪಾರಗಳು? ಮನೆಗೆ ಬಂದು ಸರೋಜಳ ಮುಂದೆ, “ಮುಖ ನೋಡಿದ್ರೆ ಒಂದಕ್ಷರ ಗೊತ್ತಾಗ್ಬಾರ್ದು ಕಣೇ,” ಎಂದು ಕೊಚ್ಚಿಕೊಂಡ ವ್ಯಾಪಾರಗಳು? ಅವುಗಳಲ್ಲಿ ಯಾವುದು ನನ್ನ ಜಾಣತನ, ಯಾವುದು ಮಲ್ಲಣ್ಣನ ಹೆದರಿಕೆ? ಮುಖ ಮನೆಯಲ್ಲಿಟ್ಟು ಬಂದವನು ಕೈಯನ್ನು ತಂದಿದ್ದೆನಲ್ಲ. ಬೆಲ್ಲದ ನೀರು ಕುಡಿದೆ. ಬೆಲೆ ಕುದುರುವ ಮೊದಲೇ, ಮಾರುವವನ ಮನೆಯಲ್ಲಿ. ಅಷ್ಟರಲ್ಲಿ ಸರೋಜಳ ಫೋನ್ ಬಂತು. ನಡುಗುವ ಬೆರಳು ಎಲ್ಲೋ ತಾಗಿ ಸ್ಪೀಕರ್ ಆನಾಯಿತು. “ರೀ, ಶೈಲಾ ಗಾಬರಿಯಾಗಿದಾಳೆ. ಅವರು ಕೇಳಿದ್ದು ಕೊಟ್ಬುಟ್ಟು ಮೊದ್ಲು ಉಣ್ರೀ!” ಎಂಬ ಮಾತು ಅಂಗಳವೆಲ್ಲ ಕೇಳಿತು. ಮಲ್ಲಣ್ಣ ಫೋನಿನ ಕಡೆ ಬಗ್ಗಿ, “ಹಂಗೇ ಆಗ್ಲಿ ಕಣವ್ವ,” ಎಂದ.

ಹಾಗಾಗಲಿಲ್ಲ. ಮೊದಲು ಉಂಡೆನೇನೋ ನಿಜ, ರಂಗಮ್ಮನ ಅಡುಗೆ ಆಗಲೇ ಸಿದ್ಧವಾಗಿತ್ತಲ್ಲ. ಉಂಡು, ಕೈ ಒರೆಸಿ, ಮತ್ತೆ ಟವೆಲ್ ಹಾಸಿ ಕೂತೆ. ಕೈ ಬೆಚ್ಚಗಿತ್ತು, ಬೆರಳು ಗಟ್ಟಿಯಾಗಿತ್ತು. ಮಲ್ಲಣ್ಣ ಬಹಳ ಹೊತ್ತು ನನ್ನ ಕೈ ಹಿಡಿದು ಏನೋ ಹುಡುಕಿದ, ಸಿಗಲಿಲ್ಲ. ಮಾಲು ನನಗೇ ಆಯಿತು. ಬೆಲೆ ಎಷ್ಟೆಂದು ಕೇಳಬೇಡಿ, ಅದು ಟವೆಲ್ ಅಡಿಯ ಮಾತು. ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಎದ್ದೆವು ಎಂದರೆ ಸರಿಯಾದ ಬೆಲೆಯೇ ಇರಬೇಕು.

ಹಾಗಂತ ಬಿಲ್ಲೆಯ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡಿ. ಊರಿಗೆಲ್ಲ ಗೊತ್ತಿದ್ದದ್ದನ್ನು ಕೊನೆಗೆ ನನಗೆ ಹೇಳಿದ್ದಕ್ಕೆ ಇನ್ನೊಂದಷ್ಟು ಸಿಟ್ಟು ಸೇರಿದೆ. ಆದರೂ ಮೇಲೆ ಹೇಳಿದ ನನ್ನ ಎರಡನೆಯ ಪಾಠವನ್ನು ಯಾರಾದರೂ ಆಗಲೇ ಕಲಿತುಬಿಟ್ಟಿದ್ದರೆ ದಯವಿಟ್ಟು ಮರೆತುಬಿಡಿ. ನಾಳೆ ಹೊಸ ಸೆನ್ಸರ್ ತರಬೇಕು. ಮೆಡಿಕಲ್ ಸ್ಟೋರಿನವನು ಬಹಳ ವಿನಯದಿಂದ, “ಊಟದ ಹೊತ್ತು ಕಳೆದ ಮೇಲೆ ಬನ್ನಿ ಸಾರ್, ಅಂಗಡಿ ಖಾಲಿ ಇರುತ್ತೆ, ಕೂತು ರೇಟು ಮಾತಾಡೋಣ,” ಎಂದಿದ್ದಾನೆ. ಪರವಾಗಿಲ್ಲವೇ, ಕೊನೆಗೂ ನನ್ನ ಚೌಕಾಸಿಗೆ ಹೆದರಿದ ಎಂದು ನಿನ್ನೆಯೆಲ್ಲ ಖುಷಿಯಲ್ಲಿದ್ದೆ. ಅವನ ಊರು ಯಾವುದೆಂದು ಇವತ್ತು ವಿಚಾರಿಸಿದೆ. ಕಂದಿಕೆರೆಯಂತೆ.