ಕುಡಿಯದವನು ಕುಡಿತ ಬಿಟ್ಟದ್ದು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಒಂದಷ್ಟು ನನ್ನ ನೆನಪು ತಾನೇ ಕಟ್ಟಿಕೊಂಡದ್ದಿರಬಹುದು. ದಿನಚರಿ ಬರೆಯುವ ಚಟ ನನಗೆ ಕಾಲೇಜಿನಿಂದಲೂ ಇದೆ. ಆದರೆ ಬೇಕಾದ ದಿನದ ಪುಟ ತೆಗೆದರೆ ಅವತ್ತು ತಿಂದ ಅವರೆಕಾಳಿನ ಸಾರಿನ ವರ್ಣನೆ ಇರುತ್ತದೆ, ಮನುಷ್ಯರು ಇರುವುದಿಲ್ಲ. ಸಲಹೆ ಕೇಳಲು ಬಂದ ಮುನಿರಾಜು ಅಂದು ನೀಲಿ ಅಂಗಿ ಹಾಕಿದ್ದ ಎಂದು ಗಟ್ಟಿಯಾಗಿ ನೆನಪಿದೆ. ಅಷ್ಟು ಗಟ್ಟಿಯಾಗಿ ನೆನಪಿರುವುದರಿಂದಲೇ ಅನುಮಾನ.

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬಂದ ನಾನು ಬಂಗಾರಪೇಟೆಯಲ್ಲಿ ಸರೋಜ ಚಿಕ್ಕಮ್ಮನಿಗೆ ಸಹಾಯಕಿಯಾಗಿದ್ದೆ. ಚಿಕ್ಕಮ್ಮ ಮಹಿಳಾ ಸಂಘದ ಕೋಣೆಯಲ್ಲಿ ಕೂತು ಗಂಡ ಹೆಂಡಿರ ಜಗಳ ಬಗೆಹರಿಸುತ್ತಿದ್ದರು. ಅದಕ್ಕೆ ಆಪ್ತಸಲಹೆ ಎಂಬ ಹೆಸರಿಟ್ಟವಳು ನಾನು; ಅಲ್ಲಿಯವರೆಗೆ ಅದು ಬರೀ ಬುದ್ಧಿ ಹೇಳುವುದಾಗಿತ್ತು. ಹೆಸರು ಬದಲಾದರೂ ಪದ್ಧತಿ ಅದೇ: ಎರಡೂ ಕಡೆಯ ಹಿರಿಯರನ್ನು ಕರೆಸುವುದು, ಜಮಖಾನ ಹಾಸುವುದು, ರಾಜಿ ಮಾಡಿಸಿ ಕಾಫಿ ಕೊಡುವುದು. ಪಕ್ಕದಲ್ಲೇ ಹಿಟ್ಟಿನ ಮಿಷನ್ನು. ಅದು ಓಡುವಾಗ ಮನಸ್ಸಿನ ಗುಟ್ಟನ್ನೆಲ್ಲ ಕೂಗಿ ಹೇಳಬೇಕಿತ್ತು.

ಮುನಿರಾಜು ಉರಿಗಾಂನಲ್ಲಿ ಚಿನ್ನದ ಗಣಿಯ ಕೆಲಸಗಾರ. ಹೆಂಡತಿ ರತ್ನ ಕಾಮಸಮುದ್ರದ ಕಡೆಯವಳು. ಅವನ ಮುಂಗೈಯಲ್ಲಿದ್ದ ಗುರುತನ್ನು ನಲ್ಲಿಯ ಹತ್ತಿರ ಯಾರೋ ನೋಡಿದ್ದರು. ಮಾತು ಅವನ ತಾಯಿಯ ಕಿವಿಗೆ ಬೀಳುವ ಮೊದಲು ತಿಳಿದವರನ್ನು ಕೇಳೋಣವೆಂದು ಇಬ್ಬರೂ ಬಂದಿದ್ದರು. ವಿಷಯವಿಷ್ಟೇ. ಒಮ್ಮೊಮ್ಮೆ ರತ್ನ ಹಳೆ ಸೀರೆಯ ತುಂಡಿನಿಂದ ಗಂಡನ ಕೈ ಕಟ್ಟುತ್ತಾಳೆ, ದರ್ಪ ತೋರಿಸುತ್ತಾಳೆ. ಅವಳು ಹೇಳಿದಂತೆ ಅವನು ಕೇಳುತ್ತಾನೆ. ಇಬ್ಬರಿಗೂ ಅದು ಇಷ್ಟ. “ನಾನೇ ಕಟ್ಟು ಅಂತೀನಿ ಅಕ್ಕಾ!” ಎಂದು ಮುನಿರಾಜು ಮಿಷನ್ನಿನ ಸದ್ದಿನ ಮೇಲೆ ಗಂಟಲೇರಿಸಿದ. ಅದೇ ಗಳಿಗೆಗೆ ಕರೆಂಟು ಹೋಗಿ ಮಿಷನ್ನು ನಿಂತಿತು. ಹೊರಗೆ ರಾಗಿ ಬೀಸಿಸಲು ಬಂದಿದ್ದವರು ಯಾರೋ ಕೆಮ್ಮಿದರು.

“ಸಾಕು ಅನ್ನಿಸಿದ್ರೆ?” ಎಂದೆ. ಅವತ್ತು ನಾನು ಕೇಳಿದ ಒಳ್ಳೆಯ ಪ್ರಶ್ನೆ ಅದೊಂದೇ.

“ಮಾರಿಕುಪ್ಪಂ ಅಂತೀನಿ,” ಎಂದು ಪಿಸುಗುಟ್ಟಿದ. “ಅಲ್ಲಿಂದಾಚೆ ರೈಲು ಓಗಲ್ವಲ್ಲಾ, ಅಂಗೆ. ಅಂದೇಟ್ಗೇ ಬಿಚ್ಬಿಡ್ತಾಳೆ.”

“ಒಂದ್ಸಲ ನಾನೂ ಅಂದಿದ್ದೆ, ನಗು ತಡ್ಯಾಕಾಗ್ದೆ,” ಎಂದಳು ರತ್ನ. ಆಮೇಲೆ ನಗು ಬಿಟ್ಟು ಕೇಳಿದಳು: “ಇದು ಕಾಯಿಲೆನಾ ಅಕ್ಕಾ? ಅಲ್ಲ ಅಂತ ಒಂದ್ಮಾತು ಯೋಳಿದ್ರೆ ಸಾಕು. ನಮ್ಪಾಡಿಗೆ ನಾವು ಇದ್ಬಿಡ್ತೀವಿ.”

ಅವರನ್ನು ಹೊರಗೆ ಕೂರಿಸಿ ಚಿಕ್ಕಮ್ಮ ನನ್ನ ಕಡೆ ತಿರುಗಿದರು. “ನೀನು ಓದಿದೋಳು. ಕಾಯಿಲೆನೋ ಅಲ್ವೋ, ಅಷ್ಟೇಳಮ್ಮಿ.” ಅಷ್ಟೇ ಹೇಳುವುದು ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. “ಪುಸ್ತಕದಲ್ಲಿ ಕಾಯಿಲೆ ಅಂತಲೇ ಇದೆ ಚಿಕ್ಕಮ್ಮಾ, ಆದರೆ...” ಎಂದು ಹೊರಟು, ಶೈಶವ, ಸುಪ್ತಮನಸ್ಸು, ಅಧಿಕಾರ ಎಲ್ಲವನ್ನೂ ಸುತ್ತಿ, ಇವರು ಒಬ್ಬರನ್ನೊಬ್ಬರು ಕೇಳಿಕೊಂಡೇ ಮಾಡುತ್ತಿದ್ದಾರೆ, ನಾವು ಸರಿಪಡಿಸುವಂಥದ್ದು ಏನೂ ಇಲ್ಲ ಎಂಬಲ್ಲಿಗೆ ಬರುವಷ್ಟರಲ್ಲಿ ಚಿಕ್ಕಮ್ಮ ನನ್ನ ‘ಆದರೆ’ಗಿಂತ ಮುಂಚೆಯೇ ಕೇಳುವುದನ್ನು ನಿಲ್ಲಿಸಿದ್ದರು. “ಕಾಯಿಲೆ ಅಂದ್ಮೇಲೆ ದೊಡ್ಡೋರ್ನ ಕರೆಸ್ಬೇಕು,” ಎಂದರು. ಅವರದು ಕೆಟ್ಟ ಮನಸ್ಸಲ್ಲ. ಹಿರಿಯರು ಬಾರದೆ ಬಗೆಹರಿದ ಜಗಳವನ್ನು ಅವರು ಕಂಡೇ ಇರಲಿಲ್ಲ. ಇದು ಜಗಳವೇ ಅಲ್ಲವಲ್ಲ ಎಂಬುದು ಜಮಖಾನ ಹಾಸುವಾಗ ಹೊಳೆಯುವುದಿಲ್ಲ.

ಮುಂದಿನ ಭಾನುವಾರ ‘ಮಾತಾಡೋದಿದೆ, ಬನ್ನಿ’ ಎಂಬ ಚಿಕ್ಕಮ್ಮನ ಕರೆಗೆ ಮುನಿರಾಜುವಿನ ತಾಯಿ, ಅಣ್ಣ, ರತ್ನಳ ಸೋದರಮಾವ ಬಂದು ಕೂತರು. “ಕೈಮ್ಯಾಲೆ ಅದೇನ್ಲಾ ಗುರುತು?” ಎಂದ ಅಣ್ಣ. ಮುನಿರಾಜು ನೆಲ ನೋಡಿದ. ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮುನ್ನ ರತ್ನ ಹೇಳಿಬಿಟ್ಟಳು: “ಕುಡ್ಕೊಂಡ್ಬಂದು ಒಡೀತಾರೆ. ಅದ್ಕೇ ಕಟ್ಟಾಕಿದ್ದೆ.”

ಹಬ್ಬದ ದಿನವೂ ಸಾರಾಯಿ ಮುಟ್ಟದ ಮುನಿರಾಜು ತಲೆಯೆತ್ತಿ ಅವಳ ಮುಖ ನೋಡಿದ. ಅರ್ಥವಾಯಿತು. “ಊಂ, ತಪ್ಪಾಯ್ತು,” ಎಂದ. ಜಮಖಾನದ ತುಂಬ ನೆಮ್ಮದಿ ಹರಡಿತು. “ಅಷ್ಟೇನಾ! ನಾನೇನೋ ಅಂದ್ಕಂಡಿದ್ದೆ,” ಎಂದರು ಸೋದರಮಾವ. “ಕುಡಿಯಾದು, ಒಂದೇಟು ಆಕಾದು, ಯಾರ ಮನ್ಯಾಗಿಲ್ಲ!” ದೇವರ ಪಟದ ಮುಂದೆ ಆಣೆ ಇಡಿಸಿದರು. ಕುಡಿಯದವನು ಕುಡಿತ ಬಿಟ್ಟ. ಕಾಫಿ ಬಂತು. ಇನ್ನು ಮೇಲೆ ಮಗನ ಮೇಲೆ ಕಣ್ಣಿಡಲು ತಾಯಿ ಗಂಡ ಹೆಂಡಿರ ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲೇ ಇರುವುದೆಂದು ತೀರ್ಮಾನವಾಯಿತು. ಹೊರಡುವಾಗ ರತ್ನ ನನಗೆ ಕೈಮುಗಿದಳು. “ಬತ್ತೀವಿ ಮೇಡಂ,” ಎಂದಳು. ಅಕ್ಕ ಎನ್ನಲಿಲ್ಲ. ಮತ್ತೆ ಬರಲೂ ಇಲ್ಲ.

ಈಗ ನಾನು ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಪಾಠ ಹೇಳುತ್ತೇನೆ. ಇಬ್ಬರೂ ಮನಸ್ಸಾರೆ ಒಪ್ಪಿದ್ದಾರೆಯೇ, ಬೇಡವೆಂದಾಗ ನಿಲ್ಲುತ್ತದೆಯೇ ಎಂದು ಕೇಳಿ. ಬಂದವರು ಬದಲಾಗಲು ಬಂದಿದ್ದಾರೋ, ನಾಚಿಕೆ ಇಳಿಸಲು ಬಂದಿದ್ದಾರೋ ತಿಳಿಯಿರಿ. ಅವರ ಮಾತು ಕೋಣೆ ದಾಟದಿರಲಿ. ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಿ ಎಂಬ ಅಂಶವನ್ನು ಮಾತ್ರ ವಿವರಿಸಲು ನನಗೆ ಅರ್ಧ ಗಂಟೆ ಬೇಕಾಗುತ್ತದೆ.

ಕಳೆದ ತಿಂಗಳು ಚಿಕ್ಕಮ್ಮನನ್ನು ನೋಡಲು ಹೋಗಿದ್ದೆ. ಕಡಲೆಕಾಯಿ ಸುಲಿಯುತ್ತಿದ್ದರು. “ಚಿಕ್ಕಮ್ಮಾ, ಅವತ್ತು ನಾವು ಬಗೆಹರಿಸಿದ್ದು ಯಾರ ತೊಂದರೆ?” ಎಂದು ಕೇಳಿದೆ. ಬಹಳ ಹೊತ್ತು ಸುಲಿದರು. “ಒಲೆ ಮ್ಯಾಲೆ ಆಲಿಟ್ಟಿದ್ದೆ, ನೋಡ್ಬಾರಮ್ಮಿ,” ಎಂದರು. ಎದುರಿಗಿರುವವರ ಮೌನವನ್ನು ಕೂತು ತಾಳಿಕೊಳ್ಳಬೇಕೆಂದು ಪಾಠ ಹೇಳುವ ನಾನು ತಕ್ಷಣ ಎದ್ದು ಹೋದೆ. ಒಲೆ ಹಚ್ಚಿಯೇ ಇರಲಿಲ್ಲ. ಹಿಂದಿರುಗಿ ಬಂದು, “ಇನ್ನೂ ಉಕ್ಕಿಲ್ಲ,” ಎಂದೆ.