ಅತ್ತೆ ನಿವಾಳಿಸಿದ ಫಿಲ್ಟರ್

ಗಂಡಸೊಬ್ಬ ನೀರಿನ ಫಿಲ್ಟರ್ ಕೊಳ್ಳುವುದು ನೀರಿಗಾಗಿ ಎಂದು ನೀವು ನಂಬಿದ್ದರೆ, ಹರಿಹರದಲ್ಲಿ ನಿಮಗೆ ಅತ್ತೆ ಇಲ್ಲವೆಂದೇ ಅರ್ಥ. ದಾವಣಗೆರೆಯ ನಿಂಗರಾಜ್‌ಗೆ ಇದ್ದರು. ಅವನ ಬಸುರಿ ಹೆಂಡತಿ ಪುಷ್ಪಲತಾಗೆ ಏಳು ತಿಂಗಳು ತುಂಬಿದ್ದೇ ತಡ, ಅತ್ತೆ ಯಲ್ಲಕ್ಕ ಫೋನಿನಲ್ಲಿ ಹೇಳಿಬಿಟ್ಟಿದ್ದರು: "ನಿಮ್ಮನೆ ನೀರು ನಂಗ್ಯಾಕೋ ಸರಿ ಕಾಣಲ್ಲ. ಭಾನುವಾರ ಬಂದು ಕರ್ಕಂಡು ಹೋಗ್ತೀನಿ."

ಇನ್ನೊಂದು ತಿಂಗಳಾದರೂ ಅವಳು ತನ್ನ ಬಳಿ ಇರಲಿ ಎಂಬುದು ನಿಂಗರಾಜ್‌ನ ಆಸೆ. ಅವಳಿಲ್ಲದ ಮನೆಯಲ್ಲಿ ಗಡಿಯಾರದ ಸದ್ದೂ ಯಾರೋ ನಡೆದು ಬಂದಂತೆ ಕೇಳುತ್ತಿತ್ತು.

ಫಿಲ್ಟರ್ ತರಲು ಹೋದ ಮಂಡಿಪೇಟೆಯ ಅಂಗಡಿಯಲ್ಲಿ ಪುಷ್ಪಲತಾ ಕ್ಯಾಂಡಲ್ ಇರುವ ಸ್ಟೀಲಿನದು ಸಾಕೆಂದಳು. ಅವನು ಮಣ್ಣಿನದರ ಮೇಲೆ ಕಣ್ಣಿಟ್ಟ. ಅಂಗಡಿಯ ಶಬ್ಬೀರ್ ಇಬ್ಬರಿಗೂ ಉತ್ತರ ಕೊಡದೆ ಎರಡು ಲೋಟ ಇಟ್ಟ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ಯಂತ್ರ ಸೋಸಿದ ನೀರು. ಎರಡಕ್ಕೂ ಕರೆಂಟಿನ ಸರಳು ಅದ್ದಿ ಸ್ವಿಚ್ ಒತ್ತಿದ. ನಲ್ಲಿ ನೀರಿನ ತಳದಿಂದ ಹಳದಿ ಎಳೆಯೊಂದು ಎದ್ದಿತು. ಯಾರೋ ಜಡೆ ಬಿಚ್ಚಿದಂತೆ ಮೆಲ್ಲಗೆ ಹರಡಿ, ಕಂದಾಗಿ, ಕಪ್ಪಾಯಿತು. ಪಕ್ಕದ ಲೋಟ ಮಾತ್ರ ತಿಳಿಯಾಗಿಯೇ ಇತ್ತು.

ಪುಷ್ಪಲತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆ ಕೈ ಕಂಡ ಮೇಲೆ ನಿಂಗರಾಜ್ ಆರ್‌ಒ ಬಿಟ್ಟು ಬೇರೆ ಫಿಲ್ಟರ್ ನೋಡಲಿಲ್ಲ. ಅತ್ತೆಗೆ ತೋರಿಸಲು ಸರಳುಗಳನ್ನೂ ಬೇಡಿ ತಂದ. (ಊರಂಚಿನ ಕರೂರಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮೋಟಾರಿಗೆ ತಂತಿ ಸುತ್ತಿದವನು ಸರಳು ಯಾವ ಲೋಹದ್ದೆಂದು ಕೇಳಲಿಲ್ಲ.)

ಭಾನುವಾರ ಮಧ್ಯಾಹ್ನ ಯಲ್ಲಕ್ಕ ಬಂದರು. ಗೋಡೆಯ ಮೇಲಿನ ಯಂತ್ರ ತನ್ನಷ್ಟಕ್ಕೆ ಗುಳುಗುಳು ಎಂದಿತು.

"ಒಳಗೆ ಏನೋ ಉಸಿರಾಡ್ತೈತಲ್ಲ," ಎಂದು ಅವರು ಸ್ವರ ತಗ್ಗಿಸಿದರು.

ಹೊಸ ವಸ್ತುವಿಗೆ ದೃಷ್ಟಿ ತೆಗೆಯದಿದ್ದರೆ ಹೇಗೆ? ಹಿಡಿ ಉಪ್ಪನ್ನು ಫಿಲ್ಟರಿಗೆ ಮೂರು ಸಲ ನಿವಾಳಿಸಿ, ಕೈಗೆ ಸಿಕ್ಕ ನೀರಿಗೆ ಹಾಕಿದರು. ಅದು ನಿಂಗರಾಜ್ ಪರೀಕ್ಷೆಗೆಂದು ಹಿಡಿದಿಟ್ಟಿದ್ದ ಫಿಲ್ಟರ್ ನೀರಿನ ಲೋಟ. ಅವನು ಕಣ್ಣಾರೆ ಕಂಡ. ಹೆಂಡತಿಯನ್ನು ಉಳಿಸಿಕೊಳ್ಳಬೇಕಾದ ದಿನ ಅತ್ತೆಯ ಶಾಸ್ತ್ರಕ್ಕೆ ಅಡ್ಡಬರುವುದು ಜಾಣತನವಲ್ಲವೆಂದುಕೊಂಡು, ಅದೇ ಲೋಟಕ್ಕೆ ಸರಳು ಅದ್ದಿ ಸ್ವಿಚ್ ಒತ್ತಿದ.

ನೀರು ನೊರೆ ಉಗುಳಿತು. ಹಸಿರು, ಕಂದು, ಆಮೇಲೆ ಮಸಿ. ಅಡುಗೆಮನೆಯ ತುಂಬ ಕಬ್ಬಿಣದ ವಾಸನೆ. ಗೋಡೆಯ ಮೇಲೆ ಫಿಲ್ಟರ್ ಮತ್ತೊಮ್ಮೆ ಗುಟುಕರಿಸಿತು.

ನಾಲ್ಕರ ಬಸ್ಸಿಗೆ ಪುಷ್ಪಲತಾಳ ಚೀಲ ಸಿದ್ಧವಾಗಿತ್ತು.

ಅವರು ಹೋದ ಮೇಲೆ ನಿಂಗರಾಜ್ ಶಬ್ಬೀರ್‌ಗೆ ಫೋನ್ ಮಾಡಿದ. ಅತ್ತಲಿಂದ ಅವನು ಕೇಳಿದ್ದು ಒಂದೇ: ನೀರಿಗೆ ಉಪ್ಪು ಬಿತ್ತಾ?

"ಉಪ್ಪಿದ್ರೆ ಕರೆಂಟ್ ಹರಿಯುತ್ತೆ ಭಾಯ್, ಕಬ್ಬಿಣದ ಸರಳು ತುಕ್ಕು ಬಿಡುತ್ತೆ. ನಲ್ಲಿ ನೀರಲ್ಲಿ ಉಪ್ಪು ಇದ್ದೇ ಇರುತ್ತೆ, ಆರ್‌ಒ ಅದನ್ನ ತೆಗೆದಿರುತ್ತೆ, ಅಷ್ಟೇ. ಯಾವ ನೀರಿಂದೂ ತಪ್ಪಿಲ್ಲ. ನೀವು ಮೋಟಾರ್ ಕೆಲಸದೋರು, ಗೊತ್ತೈತೆ ಅಂದ್ಕಂಡಿದ್ದೆ."

ಮುಂದಿನ ಭಾನುವಾರ ಅವನು ಸರಳು ಹಿಡಿದು ಹರಿಹರಕ್ಕೇ ಹೋದ. ಅತ್ತೆಯ ತಾಮ್ರದ ಕೊಡದಿಂದ ಒಂದು ಲೋಟ ನೀರು ತೆಗೆದು ಅದ್ದಿದ. ಅದೂ ಕಪ್ಪಾಯಿತು.

"ನೋಡ್ರಿ ಅತ್ತೆ, ನಿಮ್ಮ ನೀರೂ ಹಿಂಗೇ."

ಯಲ್ಲಕ್ಕ ನೀರನ್ನು ನೋಡಲಿಲ್ಲ. ಅಳಿಯನ ಕೈಯನ್ನೇ ಬಹಳ ಹೊತ್ತು ನೋಡಿದರು.

"ಅಲ್ಲೂ ನೀವೇ ಹಿಡಿದಿದ್ರಿ, ಇಲ್ಲೂ ನೀವೇ ಹಿಡಿದೀರಿ. ದೋಷ ಫಿಲ್ಟರಿಂದಲ್ಲ ಬಿಡ್ರಿ. ಹೆರಿಗೆ ಆಗೋತಂಕ ಈ ಹೊಸ್ತಿಲು ದಾಟಬ್ಯಾಡ್ರಿ."

ಅವನು ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ಕಿಟಕಿಯ ಸರಳಿನಾಚೆ ಪುಷ್ಪಲತಾಳ ಮುಖ ಕಂಡಿತು. ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

"ಫಿಲ್ಟರ್ ಆಫ್ ಮಾಡಿ ಬಂದ್ರಾ?" ಎಂದಳು.

ಮಾಡಿರಲಿಲ್ಲ. ದಾವಣಗೆರೆಗೆ ಮರಳಿ ಬೀಗ ತೆರೆದಾಗ ಖಾಲಿ ಮನೆಯಲ್ಲಿ ಅದು ಗುಳುಗುಳು ಎನ್ನುತ್ತಿತ್ತು, ಬಂದವನನ್ನು ಮಾತಾಡಿಸುವಂತೆ. ನಿಂಗರಾಜ್ ಒಂದು ಲೋಟ ನೀರು ಹಿಡಿದ. ಅದರೊಳಗೆ ಅವನ ಮುಖ ನಡುಗುತ್ತಿತ್ತು. ಕರೆಂಟು, ಕಬ್ಬಿಣ, ತುಕ್ಕು, ಎಲ್ಲವೂ ಅವನಿಗೆ ಈಗ ಗೊತ್ತು. ಆದರೂ ಬಾಗಿಲ ಚಿಲಕ ಹಾಕಿ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಹಿಡಿ ಉಪ್ಪನ್ನು ತನ್ನ ತಲೆಗೆ ಮೂರು ಸಲ ನಿವಾಳಿಸಿ ಆ ಲೋಟಕ್ಕೆ ಹಾಕಿದ.

ಸರಳು ಮಾತ್ರ ಅದ್ದಲಿಲ್ಲ.